ಕುಂಬಳಕಾಯಿಗೆ ರಜೆ

ಮಾತಿಗೆ ಉಪ್ಪುಖಾರ ಹಚ್ಚುವವನೆಂದು ಮನೆಯಲ್ಲಿ ನನ್ನ ಹೆಸರು ಕೆಟ್ಟಿದೆ. ಆದರೆ ಇದು ನಡೆದದ್ದೇ. ಖಾರ ಪಾತ್ರೆಯಲ್ಲೇ ಇತ್ತು. ಉಪ್ಪು ಎಲ್ಲಿತ್ತೆಂದು ಆಮೇಲೆ ಹೇಳುತ್ತೇನೆ.

ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಬಿಪಿ ಏರಿದಾಗ ಡಾಕ್ಟರು ಉಪ್ಪು ಬಿಡಿಸಿದರು. ವರ್ಷದ ರಜೆಗೆ ಎಲ್ಲರೂ ಸೇರಿದಾಗ ಅವರೊಬ್ಬರೇ ಸಪ್ಪೆ ಉಣ್ಣುವುದನ್ನು ನೋಡಲಾರದೆ ಅಮ್ಮ ಎಲ್ಲರಿಗೂ ಅದನ್ನೇ ಬಡಿಸಿದಳು: ಬೇಯಿಸಿ ಹಿಸುಕಿದ ಕುಂಬಳಕಾಯಿ. ಅಪ್ಪನ ಮುಖ ಅರಳಿತು. ಪ್ರತಿ ರಜೆಗೂ ಅದೇ ಅಡುಗೆಯಾಯಿತು.

ಅಪ್ಪ ಹೋಗಿ ಮೂರು ವರ್ಷವಾದರೂ ನೀಲಿ ಮುಚ್ಚಳದ ಪಾತ್ರೆಯಲ್ಲಿ ಕುಂಬಳಕಾಯಿ ತಪ್ಪಲಿಲ್ಲ. ಭಾವ ಜೇಬಿನಲ್ಲಿ ಉಪ್ಪಿನ ಪೊಟ್ಟಣ ತರುತ್ತಿದ್ದರು. ಮೇಜಿನ ಕೆಳಗೆ ಹಂಚಿಕೆಯಾಗುತ್ತಿತ್ತು. ಅಮ್ಮ ಮಾತ್ರ ತಟ್ಟೆ ಹಿಡಿದು ಅಡುಗೆಮನೆಗೆ ಹೋಗಿ ಒಬ್ಬಳೇ ಉಣ್ಣುತ್ತಿದ್ದಳು. ಅಪ್ಪನನ್ನು ನೆನೆದು ಅಳುತ್ತಾಳೆಂದು ನಾವ್ಯಾರೂ ಅತ್ತ ಸುಳಿಯುತ್ತಿರಲಿಲ್ಲ.

"ಈ ಸಲ ಬೇರೆ ಏನಾದ್ರೂ ಮಾಡೋಣ್ವಾ?" ಎಂದೆ ಅಕ್ಕನಿಗೆ.

"ಅಪ್ಪನ್ನ ಮರೆತುಬಿಟ್ರು ಅಂತ ಅಮ್ಮ ಅಂದ್ಕೊಂಡ್ರೆ? ನನ್ ಕೈಲಿ ಆ ಮುಖ ನೋಡಕ್ಕಾಗಲ್ಲ ಕಣೋ."

"ಇನ್ನೆಷ್ಟು ವರ್ಷ ಅವಳು ಅಡುಗೆಮನೇಲಿ ಒಬ್ಬಳೇ ತಿನ್ಬೇಕು?"

ಅಕ್ಕ ಬೆಳ್ಳುಳ್ಳಿ ಸುಲಿಯತೊಡಗಿದಳು.

ಅಮ್ಮ ಸ್ನಾನಕ್ಕೆ ಹೋದಾಗ ಕುಂಬಳಕಾಯಿ ಫ್ರಿಜ್ಜು ಸೇರಿತು. ಎಂದೂ ಮಾಡದ ನೂಡಲ್ಸ್ ಬೇಯಿಸಿದೆವು. ಮೊದಲ ಬಾರಿ ಬೆಳ್ಳುಳ್ಳಿ ಸೀದು ಕಪ್ಪಾಯಿತು. ಎರಡನೆಯ ಬಾರಿ ಕಡಲೆಬೀಜ, ಒಣಮೆಣಸಿನಕಾಯಿ ಬಿದ್ದು ಎಲ್ಲವೂ ಕೆಂಪಗೆ ಹೊಳೆಯಿತು. ಅದನ್ನು ನೀಲಿ ಮುಚ್ಚಳದ ಪಾತ್ರೆಗೆ ತುಂಬಿ ಮೇಜಿನ ಮೇಲಿಟ್ಟು, ನಾನು ಬಾಗಿಲ ಹಿಂದೆ ನಿಂತೆ.

ಊಟಕ್ಕೆ ಬಡಿಸಲು ಅಮ್ಮ ಮುಚ್ಚಳ ತೆಗೆದಳು. ಕೈ ಅಲ್ಲೇ ನಿಂತಿತು.

ನಾನು ಅಪ್ಪನಂತೆ ಎರಡು ಸಲ ಕೆಮ್ಮಿ, ಅವರದೇ ದನಿಯಲ್ಲಿ ಎಳೆದೆ: "ಏನೇ... ನನಗಾದ್ರೆ ಡಾಕ್ಟ್ರು ಹೇಳಿದ್ರು. ಈ ಮಕ್ಕಳಿಗೆ ಯಾವ ಡಾಕ್ಟ್ರು ಹೇಳಿದ್ದು?"

"ಬಂದೆ ಇರಿ," ಎಂದಳು ಅಮ್ಮ, ತಿರುಗದೆಯೇ. ಆಮೇಲೆ ಮುಚ್ಚಳವನ್ನು ಮೆಲ್ಲಗೆ ಕೆಳಗಿಟ್ಟಳು.

ಅಕ್ಕ ಕಣ್ಣಲ್ಲೇ ನನ್ನನ್ನು ಹುರಿದಳು. ಅಮ್ಮ ತಟ್ಟೆಗೆ ನೂಡಲ್ಸ್ ಹಾಕಿಕೊಂಡು ಎಂದಿನಂತೆ ಅಡುಗೆಮನೆಗೆ ನಡೆದಳು. ಮೊದಲ ಬಾರಿಗೆ ನಾನೂ ಹಿಂದೆ ಹೋದೆ.

ಬೆನ್ನು ಮಾಡಿ ನಿಂತಿದ್ದಳು. ಭುಜ ಕುಲುಕುತ್ತಿತ್ತು.

"ಅಮ್ಮಾ, ತಪ್ಪಾಯ್ತು..."

"ತಪ್ಪೇ. ಉಪ್ಪು ಕಮ್ಮಿ ಹಾಕಿದ್ದೀಯ."

ಅವಳ ಕೈಯಲ್ಲಿ ಅಪ್ಪ ಗಡಿಯಾರದ ಸ್ಕ್ರೂ ಇಡುತ್ತಿದ್ದ ಪುಟ್ಟ ಡಬ್ಬಿ. ಅದರ ತುಂಬ ಉಪ್ಪು; ಅದನ್ನೇ ತಟ್ಟೆಯ ಮೇಲೆ ಕುಲುಕುತ್ತಿದ್ದಳು.

"ಇದು ಯಾವಾಗಿಂದ?"

"ಅವರು ಹೋದ ಮೇಲಿನ ಮೊದಲ್ನೇ ರಜೆಯಿಂದ. ಕುಂಬಳಕಾಯಿ ಅಂದ್ರೆ ನಿಮಗೆಲ್ಲ ಪ್ರಾಣ ಅಂದ್ಕೊಂಡು ಮಾಡ್ತಿದ್ದೆ ಕಣೋ. ನನಗಂತೂ ಗಂಟಲಲ್ಲಿ ಇಳೀತಿರ್ಲಿಲ್ಲ."

ಬಾಗಿಲಲ್ಲಿ ನಿಂತ ಭಾವ ಹುಳ್ಳಗೆ ನಗುತ್ತ ಜೇಬಿನಿಂದ ಪೊಟ್ಟಣ ತೆಗೆದು ತೋರಿಸಿದರು. ಅಮ್ಮ ಪೊಟ್ಟಣವನ್ನೂ ಡಬ್ಬಿಯನ್ನೂ ಒಂದೊಂದು ಸಲ ನೋಡಿ, ನೆಲದ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು, ಮೆಣಸಿನಕಾಯಿಯದೋ ಇನ್ನೊಂದರದೋ ಕೇಳಲಿಲ್ಲ.

"ಅವರು ಮೂರು ಸಲ ಕೆಮ್ಮೋರು," ಎಂದಳು. "ಸರಿಯಾಗಿ ಮಾಡು, ಇನ್ನೊಂದ್ಸಲ."

ನಾನು ಮೂರು ಸಲ ಕೆಮ್ಮಿದೆ. ಅಕ್ಕ ನಕ್ಕಳು, ಭಾವ ನಕ್ಕರು. ಆದರೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದ್ದು ಅಮ್ಮನ ನಗುವಿಗೆ.