ಹಳದಿ ಗೆರೆ

"ಒತ್ತೇ, ಎಬ್ಬೆಟ್ ಒತ್ತು! ನಿನ್ ಗಂಡ ಮಾಡಿದ್ ಹಲ್ಕಾ ಕೆಲ್ಸಕ್ಕೆ ನಾವ್ ಜೈಲಿಗ್ ಹೋಗ್ಬೇಕೇನೇ?"

ಮ್ಯಾನೇಜರ್ ಶಾಂಗ್ ಬರೆದು ತಂದ ಕಾಗದವನ್ನೂ ಕೆಂಪು ಮಸಿಯ ಡಬ್ಬಿಯನ್ನೂ ಉಂಡೆಗಳ ರಾಶಿಯ ಮೇಲೆಯೇ ಕುಕ್ಕಿದ. ಸಾಯ್‌ಪಿಂಗ್ ತಲೆಯೆತ್ತಲಿಲ್ಲ. ಸುಟ್ಟ ಡೋಲೊಮೈಟ್ ಕಲ್ಲಿನ ಪುಡಿ ಒತ್ತಿ ಮಾಡಿದ ಉಂಡೆಗಳನ್ನು ಕಾಗದದ ಚೀಲಕ್ಕೆ ತುಂಬುತ್ತಲೇ ಇದ್ದಳು. ಆ ಚೀಲಗಳು ಕುಲುಮೆಯ ಉಕ್ಕಿನ ಕೊಳವೆಗಳಿಗೆ ಹೋಗುತ್ತವೆ. ಹತ್ತು ಗಂಟೆ ನಿಗಿನಿಗಿ ಕಾದ ಮೇಲೆ, ಕೊಳವೆಯ ತಂಪು ಬಾಯಿಯ ಹತ್ತಿರ ಮೆಗ್ನೀಸಿಯಂ ಲೋಹ ಬೆಳ್ಳಗೆ ಹರಳುಗಟ್ಟುತ್ತದೆ. ಬಾಯಿ ಬಿಚ್ಚಿ ಅದನ್ನು ಎಳೆಯುವುದು ಹನ್ನೊಂದು ವರ್ಷದಿಂದ ಅವಳ ಗಂಡ ಮಾನ್‌ತುನ್‌ನ ಕೆಲಸ. ನಾಲ್ಕು ದಿನದ ಹಿಂದೆ ಹೊರಗೆಳೆದ ಗಟ್ಟಿಗೆ ಬೆಂಕಿ ಹತ್ತಿತು. ಉರಿಯುವ ಆ ಲೋಹಕ್ಕೆ ನೀರು ತಾಗಿದರೆ ಸಿಡಿಯುತ್ತದೆ; ಅಂದೂ ನೀರು ಬಿದ್ದು ಸಿಡಿಯಿತು. ಈಗ ಎರಡೂ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಆಸ್ಪತ್ರೆಯಲ್ಲಿ ಬಿದ್ದಿದ್ದಾನೆ.

ನೀರು ಬಿಟ್ಟವನು ಮ್ಯಾನೇಜರನ ಬಾಮೈದ, ಕೂ ಎಂಬಾತ, ಕೆಲಸಕ್ಕೆ ಬಂದು ಹದಿನೈದು ದಿನ ತುಂಬದ ಮೇಸ್ತ್ರಿ. "ನೀರು ಬೇಡ" ಎಂದು ಮಾನ್‌ತುನ್ ಬಾಯಿ ಬಡಿದುಕೊಂಡರೂ ಅವನು ಹೊರಗಿನ ನಲ್ಲಿಯ ಪೈಪು ಎಳೆದು ತಂದು ಹಿಡಿದದ್ದನ್ನು ಇಡೀ ಪಾಳಿ ಕಂಡಿದೆ. ಕಂಡವರೆಲ್ಲ ಈಗ ನೆಲ ನೋಡುತ್ತಿದ್ದರು.

"ಏನ್ ಬರ್ದಿದೀರಿ ಇದ್ರಾಗೆ?" ಸಾಯ್‌ಪಿಂಗ್ ಕೇಳಿದಳು.

"ಟೀ ಬಾಟ್ಲಿ ಒಳಕ್ ತಂದು ಬೆಂಕಿ ಮೇಲ್ ಸುರ್ದ ಅಂತ."

ಅವಳಿಗೆ ನಗು ಬಂತು, ಹೊಟ್ಟೆ ಉರಿಯುವ ನಗು. ಕುಲುಮೆಯ ಮುಂದೆ ಎಳೆದ ಹಳದಿ ಗೆರೆಯನ್ನು ನೀರು ದಾಟುವಂತಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿದರೂ ಹೊರಗೆ ಬಂದೇ ಗುಟುಕರಿಸಬೇಕು. ಒಳಗೆ ಉಗುಳಿದವನನ್ನು ಜೊತೆಯವರೇ ಒದೆಯುತ್ತಾರೆ. ಹಾಗಾಗಿ ಎಲ್ಲರ ಬಾಟಲಿಗಳೂ ಹೊರಗೋಡೆಯ ಮೊಳೆಗಳಲ್ಲಿ ನೇತಾಡುತ್ತವೆ.

ಅವಳು ಎದ್ದು ಹೋಗಿ ಗಂಡನ ಬಾಟಲಿ ತಂದಳು. ಕತ್ತಿನವರೆಗೂ ಟೀ ತುಂಬಿತ್ತು, ಮೇಲೆ ನಾಲ್ಕು ದಿನದ ಕೆನೆ ಕಟ್ಟಿತ್ತು.

"ನೋಡ್ರಿ ಸಾಹೇಬ್ರೆ. ಒಂದ್ ಗುಟ್ಕೂ ಕುಡ್ದಿಲ್ಲ ಆವತ್ತು. ಇದ್ನೆಂಗ್ ಸುರ್ದಾನು?"

ಶಾಂಗ್ ಬಾಟಲಿ ಇಸಿದುಕೊಂಡ. ಮುಚ್ಚಳ ತಿರುಗಿಸಿ, ಅವಳ ಕಾಲ ಬಳಿಯೇ ಬುಳುಬುಳು ಸುರಿದು ಬಿಸಾಕಿದ.

"ಈಗ ಖಾಲಿ ಆಯ್ತಲ್ಲ? ಒತ್ತು."

ಸಾಯ್‌ಪಿಂಗ್ ಆ ಕೆಸರಿನಲ್ಲೇ ಮಂಡಿಯೂರಿದಳು. "ನಿಮ್ ಕಾಲಿಗ್ ಬೀಳ್ತೀನಿ. ಒಂದ್ ಕಣ್ಣಾದ್ರೂ ಉಳೀತದೆ ಅಂದವ್ರೆ ಡಾಕ್ಟ್ರು. ಆಪರೇಷನ್ ಮಾಡ್ಸಿ."

"ತಪ್ಪು ಅವ್ನ್ದು ಅಂದ್ಮೇಲೆ ಆಪರೇಷನ್ ಎಲ್ಲಿಂದ್ ಬರ್ಬೇಕು? ಒತ್ತಿದ್ರೆ ಆಸ್ಪತ್ರೇಲಿ ಹತ್ ದಿನ ಹಾಸ್ಗೆ. ಇಲ್ದಿದ್ರೆ ಈಗ್ಲೇ ಒಂದ್ ಫೋನು, ಗಂಟುಮೂಟೆ ಸಮೇತ ಬೀದಿಗೆ."

"ಬೇಗ ಒತ್ತಮ್ಮ, ಏಳ್ನೇ ಕೊಳ್ವೆ ಬಿಚ್ಚೋ ಹೊತ್ತಾಯ್ತು," ಎಂದ ಕೂ, ಹಲ್ಲಿಗೆ ಕಡ್ಡಿ ಹಾಕುತ್ತ.

ಒತ್ತಿದರೆ ಕಣ್ಣು ಹೋಯಿತು, ಒತ್ತದಿದ್ದರೆ ಹಾಸಿಗೆಯೂ ಹೋಯಿತು. ಅಯ್ಯೋ, ಯಾವ ದಾರಿ ಹಿಡಿಯಲಿ? ಸಾಯ್‌ಪಿಂಗ್ ಕೆಸರಿನಿಂದ ಬಾಟಲಿ ಎತ್ತಿಕೊಂಡಳು. ನಲ್ಲಿಗೆ ಹಿಡಿದು ತುಂಬಿಸಿದಳು. ಸೀದಾ ಹಳದಿ ಗೆರೆ ದಾಟಿ ಏಳನೆಯ ಕೊಳವೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ನೀರು ಅಲ್ಲಿರುವವರೆಗೆ ಅದರ ಬಾಯಿ ಬಿಚ್ಚುವಂತಿಲ್ಲ.

ಮೊದಲು ಓಡಿದವನು ಕೂ. ಶಾಂಗ್ ಗೆರೆಯಿಂದ ಹಿಂದಕ್ಕೆ ಜಿಗಿದು ನಿಂತು ಕಿರುಚಿದ: "ಹುಚ್ ಮುಂಡೆ! ನೀರ್ ಆಚೆ ತಗಂಬಾರೇ! ಎಲ್ಲಾ ಸುಟ್ಟು ಬೂದಿಯಾಗ್ತೀವಿ!"

"ಗೊತ್ತಲ್ಲ ನಿಮ್ಗೆ! ಮತ್ತೆ ನಿಮ್ ಬಾಮೈದುನ್ಗೆ ಯಾಕ್ ಹೇಳ್ಕೊಡ್ಲಿಲ್ಲ?"

"ಏಯ್ ಮುದಿಯ, ಎಳ್ದಾಕೋ ಇವ್ಳನ್ನ!"

ಆ ಮುದುಕ, ಬೈ ಎಂಬಾತ, ಮಾನ್‌ತುನ್‌ಗೆ ಕೆಲಸ ಕಲಿಸಿದವನು. ನಾಲ್ಕು ದಿನದಿಂದ ಅವಳ ಮುಖ ನೋಡಿರಲಿಲ್ಲ. ಅವನು ಹೊರಗೋಡೆಗೆ ಹೋಗಿ ತನ್ನ ಬಾಟಲಿ ಬಿಚ್ಚಿಕೊಂಡ. ಗೆರೆಯ ಹತ್ತಿರ ಬಂದು ಒಂದು ಗಳಿಗೆ ನಿಂತ. ಮೂವತ್ತು ವರ್ಷದಲ್ಲಿ ಅವನು ನೀರು ಹಿಡಿದು ಅದನ್ನು ದಾಟಿರಲಿಲ್ಲ. ಆಮೇಲೆ ದಾಟಿದ.

"ಅತ್ಲಾಗ್ ಸರ್ಕೋ ಮಗ್ಳೆ," ಎಂದು ಪಕ್ಕದಲ್ಲಿ ಕುಕ್ಕರಿಸಿದ. "ನಾ ಕಂಡಿದ್ದೆ ಕಣವ್ವ. ಬಾಯ್ ಬಿಡ್ಲಿಲ್ಲ, ನನ್ ಬಾಯಿಗ್ ಮಣ್ ಹಾಕ."

ಹಿಂದೆಯೇ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಹೊರಗೋಡೆಯಲ್ಲಿ ಬರೀ ಮೊಳೆಗಳು ಉಳಿದವು.

ಶಾಂಗ್ ಫೋನು ತೆಗೆದು ಕಿವಿಗೆ ಹಿಡಿದ. "ಹಲೋ, ಆಸ್ಪತ್ರೇನಾ? ಆ ಕಣ್ ಸುಟ್ಕೊಂಡೋನು..."

ಸಾಯ್‌ಪಿಂಗ್‌ಗೆ ಪ್ರತಿ ಮಾತೂ ಕೇಳಿಸಿತು. ಬಾಟಲಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಬೆನ್ನ ಹಿಂದೆ ಏಳನೆಯ ಕೊಳವೆ ಬಿಚ್ಚುವ ಹೊತ್ತು ಮೀರಿತ್ತು. ಯಾರೂ ಏಳಲಿಲ್ಲ.