ಪಾರಮ್ಮ ದಿನಾ ಗುಡಿಸಿದ್ದು

ಮಕ್ಕಳ ಮಾತನ್ನು ಅಳೆಯುವುದು ನನ್ನ ಕೆಲಸ. ಬಳ್ಳಾರಿಯಲ್ಲಿ ನಮ್ಮದೊಂದು ಸಂಶೋಧನಾ ತಂಡವಿದೆ. ಮಾತು ಬಾರದ, ಓದು ಹತ್ತದ, ಆಟಿಸಂ ಇರಬಹುದೆಂದು ಡಾಕ್ಟರು ಬರೆದುಕೊಟ್ಟ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಚಿತ್ರದ ಕಾರ್ಡು ತೋರಿಸಿ, ಏನಂದರು ಏನನ್ನಲಿಲ್ಲ ಎಂದು ಹಾಳೆಯಲ್ಲಿ ಗುರುತು ಹಾಕುತ್ತೇನೆ. ಹನ್ನೊಂದು ವರ್ಷ ಇದನ್ನೇ ಮಾಡಿ ನನಗೆ ಸೊಕ್ಕು ಬಂದಿತ್ತು. ಮಗು ಬಾಗಿಲು ದಾಟಿ ಒಳಗೆ ಬರುವಷ್ಟರಲ್ಲಿ ನನಗೆ ಎಲ್ಲ ಗೊತ್ತಾಗಿಬಿಡುತ್ತದೆ ಎಂದು ಹೊಸದಾಗಿ ಸೇರಿದವರ ಮುಂದೆ ಜಂಬ ಕೊಚ್ಚುತ್ತಿದ್ದೆ.

ಸಿರುಗುಪ್ಪದ ಅನಿತಾ ವಿಷಯವೂ ಹಾಗೇ ಗೊತ್ತಾಗಿತ್ತು. ಆರು ವರ್ಷದ ಹುಡುಗಿ, ಬಾಯಲ್ಲಿ ಒಂದು ಮಾತಿಲ್ಲ. ತಾಯಿ ದುರ್ಗಾದೇವಿ ಅಕ್ಕಿ ಮಿಲ್ಲಿನಲ್ಲಿ ಚೀಲದ ಬಾಯಿ ಹೊಲಿಯುವವಳು. ಕೆಲಸ ಬಿಟ್ಟು ಎರಡು ಸಲ ಮಗಳನ್ನು ಬಳ್ಳಾರಿಗೆ ಕರೆತಂದಳು. ನಾನು ಮುಖದ ಹತ್ತಿರ ಬಾಗಿ "ಆ ಅನ್ನು" ಎಂದರೆ ಹುಡುಗಿ ತುಟಿ ಬಿಗಿದು ಕೂತಳು. ಯಾಕೆಂದು ಕೇಳಿದರೆ, ಮಾತು ಬರಲೆಂದು ಅಜ್ಜಿ ದಿನಾ ನಾಲಿಗೆಗೆ ಬಜೆ ಬೇರು ತೇಯ್ದು ಹಚ್ಚುತ್ತಾಳಂತೆ. ಆ ಖಾರ-ಕಹಿ ತಿಂದವಳು ಯಾವ ಹೆಂಗಸು ಬಾಗಿದರೂ ಬಾಯಿ ಬಿಡುತ್ತಾಳೆಯೇ? ಅಜ್ಜಿಗೆ ಮನಸ್ಸಿನಲ್ಲೇ ಬೈದೆ.

ದುರ್ಗಾದೇವಿ ಕೇಳಿದ್ದು ಒಂದೇ.

"ಮಾತಾಡೋದು ಇರ್ಲಿ ಮೇಡಮ್. ಕರದ್ರ ಬರಂಗ ಮಾಡ್ರಿ, ಸಾಕು. ಮನಿ ಮುಂದ ಕಾಲುವಿ ಐತಿ. ಬಿಟ್ರ ಸೀದಾ ನೀರಿನ ಕಡಿಗೇ ಹೋಗ್ತಾಳ. ಕನ್ನಡದಾಗ ಕರೀತೀನಿ, ನಮ್ಮತ್ತಿ ತೆಲುಗಿನಾಗ ಕರೀತಾಳ, ಯಾವುದಕ್ಕೂ ತಿರುಗಂಗಿಲ್ಲ. ಎರಡು ಸಲ ನೀರಿನಾಗಿಂದ ಎಳಕಂಡು ಬಂದೀನಿ. ಈಗ ಹಳೇ ಸೀರಿ ಹರದು ಬೇವಿನ ಗಿಡಕ್ಕ ಕಟ್ಟಿ ಮಿಲ್ಲಿಗೆ ಹೋಗ್ತೀನ್ರಿ. ಹಡದ ಮಗಳನ್ನ." ಅಷ್ಟು ಹೇಳಿ ಸೆರಗು ಬಾಯಿಗೆ ಒತ್ತಿಕೊಂಡಳು.

ಮನೆಯಲ್ಲಿ ಮತ್ತೇನು ಮಾಡುತ್ತಾಳೆ ಎಂದು ಕೇಳಿದೆ.

"ಏನಿಲ್ರಿ. ರಂಗೋಲಿ ಪುಡಿ ತಗಂಡು ಅಂಗಳದಾಗ ಗೀಚ್ತಿರ್ತಾಳ."

ನಾನು ಹಾಳೆಯಲ್ಲಿ 'ಅರ್ಥವಿಲ್ಲದ ಗೀಚಾಟ' ಎಂದು ಬರೆದು ಮುಂದಿನ ಸಾಲಿಗೆ ಹೋದೆ. ಏನು ಗೀಚುತ್ತಾಳೆ ಎಂದು ಕೇಳಲಿಲ್ಲ. ಇವತ್ತಿಗೂ ಅದಕ್ಕೆ ನನ್ನ ಮೇಲೆ ನನಗೆ ಸಿಟ್ಟಿದೆ.

ಆಯ್ದ ಕೆಲವು ಮಕ್ಕಳಿಗೆ ಒಂದು ವರ್ಷ ತರಬೇತಿ ಕೊಡುವುದು ನಮ್ಮ ಮುಂದಿನ ಹಂತ. ಅದಕ್ಕೆ ಸೇರಬೇಕಾದರೆ, ಮಗು ಏನನ್ನಾದರೂ ಯಾರಿಗಾದರೂ ತಿಳಿಸಲು ನೋಡುತ್ತದೆ ಎನ್ನುವುದಕ್ಕೆ ಒಂದು ಗುರುತಾದರೂ ಬೇಕು. ಅನಿತಾಳ ಹಾಳೆಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಮನೆಗೆ ಹೋಗಿ ನೋಡುವುದು ಕೊನೆಯ ಶಾಸ್ತ್ರ. ಅದನ್ನೂ ಮುಗಿಸಿಬಿಡೋಣ ಎಂದು ಫೆಬ್ರವರಿಯ ಒಂದು ಮಧ್ಯಾಹ್ನ ಸಿರುಗುಪ್ಪದ ಬಸ್ಸು ಹತ್ತಿದೆ.

ದುರ್ಗಾದೇವಿ ಮಿಲ್ಲಿನಿಂದ ಇನ್ನೂ ಬಂದಿರಲಿಲ್ಲ. ಅಜ್ಜಿ ಪಾರಮ್ಮ ಚಾಪೆ ಹಾಸಿ, ನೀರು ಕೊಟ್ಟು, "ಕೂಡ್ರಿ ತಾಯಿ" ಎಂದಳು. ಸಣ್ಣ ಅಂಗಳ, ಬೇವಿನ ಮರ, ಅದರಾಚೆ ಹತ್ತು ಹೆಜ್ಜೆಗೆ ತುಂಬಿ ಹರಿಯುವ ಕಾಲುವೆ. ಸೀರೆಯ ಹಗ್ಗ ಹುಡುಗಿಯ ಸೊಂಟದಲ್ಲಿತ್ತು. ಒಂದು ತಾಸು ಕಾರ್ಡು ತೋರಿಸಿದೆ, ಗಿಲಕಿ ಆಡಿಸಿದೆ, ಹೆಸರು ಹಿಡಿದು ಕರೆದೆ. ಅವಳು ನನ್ನನ್ನು ಗಾಳಿಯಷ್ಟೂ ಲೆಕ್ಕಕ್ಕಿಡಲಿಲ್ಲ. ಐದರ ಹೊತ್ತಿಗೆ ರಂಗೋಲಿಯ ಚಿಪ್ಪು ತೆಗೆದುಕೊಂಡು ನನಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಳು. ನಾನು ಕೊನೆಯ ಖಾನೆಯಲ್ಲಿ ಸೊನ್ನೆ ಹಾಕಿ ಚೀಲ ಕಟ್ಟಿದೆ.

ದೀಪ ಹಚ್ಚುವ ಮುಂಚೆ ಅಂಗಳ ಗುಡಿಸಿ ನೀರು ಚಿಮುಕಿಸುವುದು ಆ ಕಡೆಯ ಮನೆಗಳ ಪದ್ಧತಿ. ಕತ್ತಲಾದ ಮೇಲೆ ಕಸ ಹೊಡೆಯಬಾರದು. ಪಾರಮ್ಮ ಕಸಬರಿಗೆ ಹಿಡಿದು ಬಂದಳು. ಅವಳಿಗೆ ದಾರಿ ಬಿಡಲು ಪಕ್ಕಕ್ಕೆ ಸರಿದು ನೆಲ ನೋಡಿದೆ.

"ಅಮ್ಮಾ, ಕಸಬರಿಗಿ ಕೆಳಗ ಇಡ್ರಿ!" ಎಂದು ಕೂಗಿದೆ. ಪಾರಮ್ಮ ಹೆದರಿ ಹಿಂದೆ ಸರಿದಳು.

ಮಣ್ಣಿನ ಮೇಲೆ ಬೆಳ್ಳಗೆ, ಗೇಣುದ್ದದ ಅಕ್ಷರಗಳು. 'ದುರ್ಗಾದೇವಿ'. ಅದರ ಕೆಳಗೆ 'ಪ್ಯಾಕಿಂಗ್'. ಅದರ ಕೆಳಗೆ 17. ಶಾಲೆಯ ಮುಖ ನೋಡದ ಹುಡುಗಿ ಒತ್ತಕ್ಷರವನ್ನೂ ಬಿಡದೆ ಬರೆದಿದ್ದಳು. 

"ಯಾಕ್ರಿ, ಗೀಚಿದ್ದಲ್ಲೇನ್ರಿ ಅದು?" ಎಂದಳು ಪಾರಮ್ಮ. ಆ ಮನೆಯಲ್ಲಿ ಓದು ಬಲ್ಲವರಿಲ್ಲ.

"ನಿಮ್ಮ ಸೊಸಿ ಹೆಸರು ಐತಮ್ಮ."

"ಆಕಿ ಮಿಲ್ಲಿನ ಕಾರ್ಡು ಮೊಳಿಗೆ ತೂಗು ಹಾಕಿರ್ತಾಳಲ್ರಿ, ಮುಂಜಾನಿ ಎದ್ದು ಅದನ್ನೇ ನೋಡ್ಕಂತ ಕೂಡ್ತೈತಿ ಈ ಕೂಸು."

ಹಾಗಾದರೆ ಕಾರ್ಡನ್ನು ನೋಡಿ ನೆನಪಿನಿಂದ ಇಳಿಸಿದ್ದು, ಅಷ್ಟೇ. ಇಂಥ ಮಕ್ಕಳಲ್ಲಿ ಅದೇನು ಅಪರೂಪವಲ್ಲ, ನಕಲು ಬೇರೆ, ತಿಳಿಸುವುದು ಬೇರೆ ಎಂದು ನನ್ನ ಹನ್ನೊಂದು ವರ್ಷದ ಬುದ್ಧಿ ಹೇಳಿತು. ಆದರೂ ಕೇಳಿದೆ: "ಯಾವಾಗ ಬರೀತಾಳ?"

"ಸೊಸಿ ಬರೋ ಹೊತ್ತಿಗ್ರಿ. ಮಿಲ್ಲು ರಜಾ ಇದ್ದ ದಿನ ಆ ಚಿಪ್ಪು ಮುಟ್ಟಂಗಿಲ್ಲ. ತಂಗಿ ಬಾಣಂತನಕ್ಕ ಸೊಸಿ ರೂಪನಗುಡಿಗೆ ಹೋಗಿದ್ಳಲ್ಲ, ಆ ಮೂರು ದಿನ ಬೆಳಗಿಂದ ಸಂಜಿ ತನಕ ಅಂಗಳ ತುಂಬ ಬರದಿದ್ದೇ ಬರದಿದ್ದು. ಗುಡಿಸಿ ಗುಡಿಸಿ ನನ್ನ ಸೊಂಟ ಬಿತ್ತು."

ತಾಯಿ ಇಲ್ಲದಾಗ ಮಾತ್ರ ಬರೆಯುತ್ತಾಳೆ, ಹಾಗಾದರೆ ಇದು ಬರೀ ನಕಲಲ್ಲ ಎಂದೆ. ಪಾರಮ್ಮನಿಗೆ ತಾನು ಹೇಳಿದ್ದು ತಡವಾಗಿ ಅರ್ಥವಾಯಿತು. "ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ" ಎಂದು ಹಣೆ ಚಚ್ಚಿಕೊಂಡಳು. ನನ್ನ ಕೈಯೇನು ಕಡಿಮೆಯೇ? ಅವಳು ಕಸಬರಿಗೆಯಿಂದ ಅಳಿಸಿದ್ದಳು, ನಾನು ಪೆನ್ನಿನಿಂದ.

ದುರ್ಗಾದೇವಿ ಬಂದಳು. ಕೂದಲ ತುಂಬ ತೌಡಿನ ಧೂಳು. ಕೊರಳಲ್ಲಿ ಕಾರ್ಡಿತ್ತು, ಹೆಸರು, ಪ್ಯಾಕಿಂಗ್, 17. ನಾನು ನೆಲದ ಅಕ್ಷರವನ್ನು ಒಂದೊಂದಾಗಿ ಬೆರಳಿಟ್ಟು ಓದಿ ಹೇಳಿದೆ. ಕರೆದರೆ ಬರುವುದಿಲ್ಲವೆಂದು ಅತ್ತಿದ್ದೆಯಲ್ಲ, ಇವಳೇ ನಿನ್ನನ್ನು ದಿನಾ ಕರೆಯುತ್ತಿದ್ದಾಳೆ ಎಂದೆ. ದುರ್ಗಾದೇವಿ ಅಳಲಿಲ್ಲ. ಅತ್ತೆಯ ಕಡೆ ತಿರುಗಿದಳು.

"ಎಷ್ಟು ದಿನದಿಂದ ಅತ್ತಿ?"

"ದೀಪಾವಳಿಯಿಂದ," ಎಂದಳು ಪಾರಮ್ಮ, ಕೇಳಿಸದಷ್ಟು ಮೆಲ್ಲಗೆ.

"ಮೇಡಮ್, ಆಕಿ ಹೆಸರು ಹೆಂಗ ಬರೀತಾರ, ತೋರಸ್ರಿ."

ನಾನು ಬರೆದುಕೊಡುತ್ತೇನೆ ಎಂದರೆ ಒಪ್ಪಲಿಲ್ಲ. ಚೀಲ ಹೊಲಿದು ಒರಟಾದ ಅವಳ ಕೈಯನ್ನು ಹಿಡಿದು ಎರಡು ಸಲ ತಿದ್ದಿಸಿದೆ. ಮೂರನೆಯ ಸಲ ತನ್ನ ಹೆಸರಿನ ಪಕ್ಕದಲ್ಲೇ ಅವಳೊಬ್ಬಳೇ ಬರೆದಳು. 'ಅನಿತಾ'. ಅ ಅತ್ತ ವಾಲಿತು, ನಿ ಇತ್ತ ವಾಲಿತು. ಅದು ತನ್ನ ಹೆಸರೆಂದು ಮಗುವಿಗೆ ಗೊತ್ತಿದೆಯೋ ಇಲ್ಲವೋ, ದೇವರೇ ಬಲ್ಲ. 

ದುರ್ಗಾದೇವಿ ಹೋಗಿ ಮಗಳ ಸೊಂಟದ ಗಂಟು ಬಿಚ್ಚಿದಳು. ನಾನು ಓಡಿಹೋಗಿ ಕಾಲುವೆಗೆ ಅಡ್ಡ ನಿಂತೆ. ಹುಡುಗಿ ಎಂದಿನಂತೆ ಸೀದಾ ನೀರಿನತ್ತ ನಡೆದಳು. ತಾಯಿ ಬಾಯಿ ತೆರೆಯಲಿಲ್ಲ, ಅಕ್ಷರದ ಹತ್ತಿರ ಹೋಗಿ ಕೂತಳು. ನಾಲ್ಕು ಹೆಜ್ಜೆ, ಐದು ಹೆಜ್ಜೆ. ಹಿಂದೆ ಗುಡಿಸುವ ಸದ್ದು ಬರಲಿಲ್ಲವೆಂದೋ ಏನೋ, ಹುಡುಗಿ ನಿಂತಳು. ತಿರುಗಿದಳು.

ನೆಲದಲ್ಲಿ ತಾನು ಬರೆಯದ ಬಿಳುಪು ಕಂಡಿತು. ನಿಧಾನಕ್ಕೆ ಬಂದಳು, ಬಾಗಿದಳು. ಸೊಟ್ಟ ಅಕ್ಷರಗಳ ಮೇಲೆ ಬೆರಳನ್ನು ಮುಟ್ಟಿಯೂ ಮುಟ್ಟದ ಹಾಗೆ ಆಡಿಸಿ, ತಾಯಿಯ ಮೊಣಕಾಲಿಗೆ ಒರಗಿ ಕೂತುಬಿಟ್ಟಳು. ಮುಖ ನೋಡಲಿಲ್ಲ. ನಗಲಿಲ್ಲ. ಬಂದಳು, ಅಷ್ಟೇ. ಇಷ್ಟು ವರ್ಷದಲ್ಲಿ ಅಂಥದ್ದೊಂದನ್ನು ನಾನು ನೋಡಿರಲಿಲ್ಲ. ಕೈಮುಗಿಯಬೇಕೆನಿಸಿ ಕೈಮುಗಿದೆ, ಯಾರಿಗೆಂದು ಗೊತ್ತಿಲ್ಲ.

ದುರ್ಗಾದೇವಿ ಉಸಿರು ಬಿಡಲೂ ಹೆದರಿ ಕೂತಿದ್ದಳು. ಆಮೇಲೆ ಚಿಪ್ಪಿಗೆ ಕೈ ಹಾಕಿದಳು. ಮಗಳು ಮಗ್ಗುಲಲ್ಲೇ ಇದ್ದಳು, ಆದರೂ ತಾಯಿ ನೆಲಕ್ಕೆ ಬಾಗಿ ಅವಳನ್ನು ಇನ್ನೊಂದು ಸಲ ಕರೆದಳು. ಅದರ ಕೆಳಗೆ ಮತ್ತೊಂದು ಸಲ.