ನಾಲಗೆಯ ಕೆಳಗೆ

ಮಗುವಿನ ಬಾಯಿ ಮತ್ತೆ ಜಾರಿತು. ‘ಟಕ್’ ಎಂಬ ಸಣ್ಣ ಸದ್ದು, ಅದರ ಬೆನ್ನಿಗೇ ಅಳು. ನಿಶ್ಮಿತಾ ತುಟಿ ಕಚ್ಚಿಕೊಂಡು ಮಗಳನ್ನು ಇನ್ನೊಂದು ಎದೆಗೆ ಬದಲಾಯಿಸಿದಳು. ಕಿಟಕಿಯಾಚೆ ಡೊಂಬಿವಲಿಯ ಮಧ್ಯಾಹ್ನ ಬೆಳ್ಳಗೆ ಉರಿಯುತ್ತಿತ್ತು. ಸೊಸೈಟಿಯ ನೀರಿನ ಟಾಂಕಿ, ಒಣಹಾಕಿದ ಸೀರೆಗಳು, ದೂರದ ಲೋಕಲ್ ರೈಲಿನ ಹಾರ್ನ್ ಎಲ್ಲವೂ ನೀರಿನ ತಳದಲ್ಲಿ ಕುಳಿತು ನೋಡಿದಂತೆ, ಕೇಳಿದಂತೆ ಇದ್ದವು. ಹತ್ತೊಂಬತ್ತು ದಿನಗಳಿಂದ ಸರಿಯಾಗಿ ಒಂದು ಗಂಟೆ ನಿದ್ದೆ ಮಾಡದವಳಿಗೆ ಕಣ್ಣು ತೆರೆದಿರುವುದಕ್ಕೂ ಮುಚ್ಚಿರುವುದಕ್ಕೂ ಅಂತರ ಉಳಿದಿರಲಿಲ್ಲ. ಮಗುವಿನ ಅಳು ಒಮ್ಮೊಮ್ಮೆ ಪಕ್ಕದ ಬಿಲ್ಡಿಂಗಿನಿಂದ ಬರುತ್ತಿರುವಂತೆ ಅನಿಸುತ್ತಿತ್ತು.

ಅತ್ತೆ ರತ್ನಾವತಿ ಬಟ್ಟಲು, ಚಮಚ ಹಿಡಿದು ಬಂದರು. ಬಟ್ಟಲಲ್ಲಿ ಡಬ್ಬಿ ಹಾಲು. ತಾಯಿಯಿಲ್ಲದ ಹುಡುಗಿ ಎಂದು ಸೊಸೆಯ ಬಾಣಂತನಕ್ಕೆ ತಾವೇ ನಿಂತವರು ಅವರು. ಹುಟ್ಟಿದಾಗ ಇದ್ದ ತೂಕಕ್ಕೆ ಮಗು ಇನ್ನೂ ತಿರುಗಿ ಬಂದಿರಲಿಲ್ಲ.

“ಕೊಡು ಮಗಾ, ಸಾಕು. ಎಷ್ಟು ಅಂತ ಹೆಣಗಾಡ್ತಿ?”

“ಹತ್ತು ನಿಮಿಷ ಮಾಮಿ. ಈಗ ಹಿಡೀತಾಳೆ.”

“ಹಾಲಿದ್ರೆ ತಾನೇ ಹಿಡಿಯುದು? ಬೇಜಾರು ಮಾಡ್ಬೇಡ. ನಂಗೂ ಇರ್ಲಿಲ್ಲ. ಕೌಶಲ್ ಡಬ್ಬಿ ಹಾಲಲ್ಲೇ ದೊಡ್ಡ ಆದದ್ದು. ಕೆಲವರ ಎದೆಯೇ ಹಾಗೆ, ಎಂತ ಮಾಡ್ಲಿಕ್ಕೆ ಆಗ್ತದೆ?”

ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಹೆಚ್ಚು ನೋಯಿಸುತ್ತಿತ್ತು. ಹಾಲಿಲ್ಲದವರ ಸಾಲಿನಲ್ಲಿ ತಮ್ಮ ಪಕ್ಕಕ್ಕೆ ಜಾಗ ಮಾಡಿ, ಪ್ರೀತಿಯಿಂದಲೇ ತನ್ನನ್ನು ಕೂರಿಸಿಕೊಳ್ಳುತ್ತಿದ್ದಾರೆ ಎನಿಸಿ ನಿಶ್ಮಿತಾ ಮುಖ ತಿರುಗಿಸಿದಳು.

ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಲು ಹತ್ತಿರದ ದಿವಾದಿಂದ ಬಾಗಿ ಎಂಬ ಹೆಂಗಸು ಬರುತ್ತಿದ್ದಳು. ಕಲಬುರಗಿ ಕಡೆಯವಳು, ಐದು ಮಕ್ಕಳ ತಾಯಿ. ಮರುದಿನ ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ಯುವಾಗ ಮಗು ಕಿರುಚಿತು. ಬಾಗಿ ಚೊಂಬು ಕೆಳಗಿಟ್ಟು ಮಗುವಿನ ಬಾಯೊಳಗೆ ಬಗ್ಗಿ ನೋಡಿದಳು.

“ಅಕ್ಕಾರ, ಇಲ್ಲಿ ಬರ್ರಿ. ಕೂಸು ಇಷ್ಟ್ ಒದರಿದ್ರೂ ನಾಲಿಗಿ ಮ್ಯಾಲ ಏಳವಲ್ದು ನೋಡ್ರಿ. ತಳದಾಗ ಅಂಟ್ಕೊಂಡದ.”

“ಸುಮ್ನಿರು ಮಾರಾಯ್ತಿ, ಹೊಸ ರೋಗ ಹುಡುಕ್ಬೇಡ” ಎಂದರು ರತ್ನಾವತಿ.

ನಿಶ್ಮಿತಾ ಬಾತ್‌ರೂಮಿನ ಒದ್ದೆ ನೆಲದ ಮೇಲೇ ಕುಳಿತು ನೋಡಿದಳು. ನಾಲಗೆಯ ತುದಿ ನಡುವೆ ಒಳಕ್ಕೆ ಎಳೆದುಕೊಂಡು ವೀಳ್ಯದೆಲೆಯ ಬುಡದಂತಾಗಿತ್ತು. ಅದರ ಕೆಳಗೆ ಬಿಳಿಯ, ತೆಳ್ಳನೆಯ ಒಂದು ಎಳೆ. ಇಷ್ಟು ದಿನ ಮಗಳ ಮುಖವನ್ನೇ ನೋಡುತ್ತಿದ್ದರೂ ಬಾಯೊಳಗೆ ನೋಡಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಶನಿವಾರ ಗಂಡ ಕೌಶಲ್ ರಜೆ ಹಾಕಿದ. ಬೇಡವೆಂದರೂ ರತ್ನಾವತಿ ಹೊರಟರು. ಠಾಣೆ ನಗರದ ನೌಪಾಡಾದಲ್ಲಿ ಮಕ್ಕಳ ಡಾಕ್ಟರು ವನಮಾಲಾ, ಮರಾಠಿಯವರು, ಮಗುವಿನ ನಾಲಗೆಯನ್ನು ಬೆರಳಿನಿಂದ ಎತ್ತಿ ಒಂದು ಕ್ಷಣ ನೋಡಿ ತಲೆಯಾಡಿಸಿದರು. ತಾಯಿಯಲ್ಲಿ ಹಾಲು ಬೇಕಾದಷ್ಟಿದೆ, ಎಳೆದುಕೊಳ್ಳಲು ಮಗುವಿಗೆ ಆಗುತ್ತಿಲ್ಲ ಅಷ್ಟೆ ಎಂದರು. ಆಮೇಲೆ, ಮನೆಯಲ್ಲಿ ಇನ್ಯಾರಿಗಾದರೂ ಹೀಗಿದೆಯೇ ಎಂದು ಕೇಳಿದರು, “ಘರ್ ಮೇ ಔರ್ ಕಿಸೀ ಕೋ ಹೈ ಐಸಾ?”

ಕೌಶಲ್ ನಾಚಿಕೊಂಡು ನಕ್ಕ. ನಾಲಗೆ ಹೊರಚಾಚಲು ನೋಡಿದ. ಅದು ಕೆಳಗಿನ ಹಲ್ಲು ದಾಟಲಿಲ್ಲ. “ಶಾಲೆಯಲ್ಲಿ ಎಲ್ರೂ ನಗ್ತಿದ್ರು. ಕೋನ್ ಐಸ್‌ಕ್ರೀಮ್ ನೆಕ್ಲಿಕ್ಕೆ ನಂಗೆ ಈಗ್ಲೂ ಬರುದಿಲ್ಲ.”

ಮಗನಿಗೂ ಚಿಕ್ಕಂದಿನಿಂದಲೇ ಇತ್ತೇ ಎಂದು ಕೇಳುತ್ತ ರತ್ನಾವತಿ ಕುರ್ಚಿಯಿಂದ ಅರ್ಧ ಎದ್ದರು. “ಡಾಕ್ಟರ್, ಇಸ್ಕೋ ಭೀ... ಛೋಟಾ ಥಾ ತಬ್ ಸೇ?”

“ಹಾಂ ಆಜೀ. ಜನಮ್ ಸೇ.”

ಹುಟ್ಟಿನಿಂದಲೇ ಎಂಬ ಮಾತಿಗೆ ರತ್ನಾವತಿ ಮೆಲ್ಲಗೆ ಕುಳಿತರು.

ನಾಲಗೆಯ ಕೆಳಗಿನ ಆ ಎಳೆಯ ಮೇಲೆ ಕತ್ತರಿ ಆಡಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಎರಡು ಹನಿ ರಕ್ತ, ಒಂದು ಉದ್ದನೆಯ ಅಳು. ಕೂಡಲೇ ಎದೆಗೆ ಹಚ್ಚಿದಾಗ ಒಳಗೆ ಎಲ್ಲೋ ಬೆನ್ನ ಹತ್ತಿರದಿಂದ ಏನೋ ಹೊರಟು ಬಂದಂತಾಗಿ ನಿಶ್ಮಿತಾ ಉಸಿರು ಬಿಗಿಹಿಡಿದಳು. ನಾಲ್ಕು ಸಲ ಎಳೆದು ಮಗು ಮತ್ತೆ ಜಾರಿತು. ಅಭ್ಯಾಸವಾಗಲು ದಿನ ಹಿಡಿಯುತ್ತದೆ, ವಾರ ಬಿಟ್ಟು ತೋರಿಸಿ ಎಂದರು ಡಾಕ್ಟರು.

ಹೊರಗಿನ ಬೆಂಚಿನಲ್ಲಿ ಅತ್ತೆ, ಸೊಸೆ ಇಬ್ಬರೇ. ಕೌಶಲ್ ರಿಕ್ಷಾ ತರಲು ಹೋಗಿದ್ದ. ರತ್ನಾವತಿ ಎದುರಿನ ಗೋಡೆಯನ್ನು ನೋಡುತ್ತ ಮಾತಾಡಿದರು, ಗೋಡೆಗೇ ಹೇಳುವಂತೆ.

“ನನ್ನ ರವಿಕೆ ಒದ್ದೆ ಆಗ್ತಿತ್ತು ಮಗಾ. ಬಟ್ಟೆ ಮಡಚಿ ಒಳಗೆ ಇಟ್ಕೊಳ್ತಿದ್ದೆ. ಯಾರಿಗೂ ಕಾಣದ ಹಾಗೆ ತೊಳೀತಿದ್ದೆ. ನನ್ನ ಅತ್ತೆ ಹೇಳಿದ್ರು, ಅದು ಹಾಲಲ್ಲ, ಬರೀ ನೀರು ಅಂತ.” ಸೆರಗಿನ ಅಂಚನ್ನು ಮಡಚಿದರು. “ನಾನು ನಂಬಿದೆ.”

ನಿಶ್ಮಿತಾಳ ನಿದ್ದೆಗೆಟ್ಟ ಕಣ್ಣಿಗೆ ಪಕ್ಕದಲ್ಲಿ ಕುಳಿತವರು ಅತ್ತೆಯಂತೆ ಕಾಣಲಿಲ್ಲ. ತನ್ನದೇ ವಯಸ್ಸಿನ ಯಾವಳೋ ಬಾಣಂತಿ, ಎದೆಗೆ ಕೈ ಅಡ್ಡ ಹಿಡಿದು, ನಲ್ಲಿಯ ಕೆಳಗೆ ಗಡಿಬಿಡಿಯಲ್ಲಿ ಬಟ್ಟೆ ಹಿಂಡುತ್ತಿದ್ದಂತೆ ತೋರಿತು. ನಿಶ್ಮಿತಾ ಆ ಕೈಯನ್ನು ಹಿಡಿದುಕೊಂಡಳು. ಕೈ ತಣ್ಣಗಿತ್ತು.

ವಾರದ ನಂತರ ತೋರಿಸಲು ಅವರಿಬ್ಬರೇ ಮಗುವನ್ನು ಕರೆದುಕೊಂಡು ಹೋದರು. ತೂಕ ಏರಿತ್ತು. ಹಿಂತಿರುಗುವಾಗ ಮಧ್ಯಾಹ್ನದ ಸ್ಲೋ ಲೋಕಲಿನ ಹೆಂಗಸರ ಡಬ್ಬಿ ಅರ್ಧ ಖಾಲಿ. ಮುಂಬ್ರಾದ ಹತ್ತಿರ ಮಗು ಮುಲುಗಿತು. ನಿಶ್ಮಿತಾ ಅತ್ತಿತ್ತ ನೋಡಿದಳು.

“ಹಾಲು ಕೊಡು. ನಾನು ಇದ್ದೇನಲ್ಲ” ಎಂದು ರತ್ನಾವತಿ ಎದ್ದು ಅವಳೆದುರು ಕುಳಿತು ಸೆರಗು ಬಿಡಿಸಿ ಅಡ್ಡ ಹಿಡಿದರು.

ಮಗು ಹುಡುಕಿತು, ಬಾಯಿ ಅಗಲಿಸಿತು, ಹಿಡಿಯಿತು. ಈ ಸಲ ‘ಟಕ್’ ಎನ್ನಲಿಲ್ಲ. ಎಳೆತ, ಒಂದು ಸಣ್ಣ ಬಿಡುವು, ಗುಟುಕು. ಮತ್ತೆ ಎಳೆತ, ಗುಟುಕು. ಹಳಿ ಪಕ್ಕದ ಖಾಡಿಯ ಹಿನ್ನೀರಿನ ಬೆಳಕು ಡಬ್ಬಿಯ ಚಾವಣಿಯ ಮೇಲೆ ಅಲುಗಾಡುತ್ತ ಓಡಿತು. ದಿವಾ ಸ್ಟೇಷನ್ ಕಳೆಯಿತು, ಕೋಪರ್ ಕಳೆಯಿತು. ರತ್ನಾವತಿ ತಲೆ ಬಗ್ಗಿಸಿ, ಗಾಲಿಗಳ ಸದ್ದಿನ ನಡುವೆ ಆ ಗುಟುಕಿನ ಸದ್ದಿಗೆ ಕಿವಿಗೊಟ್ಟಿದ್ದರು.

ಡೊಂಬಿವಲಿ ಬಂತು. ನಿಶ್ಮಿತಾ ಏಳಲು ನೋಡಿದಳು. ಅವಳ ಮೊಣಕಾಲ ಮೇಲೆ ಅತ್ತೆಯ ಕೈ ಬಿತ್ತು.

“ಕೂತ್ಕೋ. ಕುಡೀಲಿ. ಕಲ್ಯಾಣದಲ್ಲಿ ಇಳಿದು ವಾಪಸು ಬಂದ್ರಾಯ್ತು.”

ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಪ್ಲಾಟ್‌ಫಾರ್ಮು ಮೆಲ್ಲನೆ ಹಿಂದಕ್ಕೆ ಸರಿಯತೊಡಗಿತು. ರತ್ನಾವತಿ ಎರಡೂ ಕೈಯಲ್ಲಿ ಸೆರಗು ಹಿಡಿದೇ ಕುಳಿತಿದ್ದರು. ಕಿಟಕಿಯ ಗಾಳಿಗೆ ಅದು ಉಬ್ಬಿ ತುಂಬಿಕೊಂಡು, ಇಳಿದು, ಮತ್ತೆ ತುಂಬಿಕೊಳ್ಳುತ್ತಿತ್ತು.